ರೇಡಿಯೋ ಮಿಕ್ಸರ್: ಹುಬ್ಬಳ್ಳಿ-ಧಾರವಾಡದಲ್ಲಿ ನನ್ನನ್ನು ಪದೇ ಪದೇ ಕೇಳಿದ ಪ್ರಶ್ನೆಗಳು

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನಮ್ಮ ಕಾಕಾ ಅವರ ರೇಡಿಯೋ ರಿಪೇರಿ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಅಲ್ಲಿ ಕುಳಿತು ಬೆಸುಗೆ ಹಾಕುವುದನ್ನು ಕಲಿತೆ. ಮುಂದೆ ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಅಂಗಡಿಗೆ ಬಂದವರೂ ಪ್ರಯೋಗಾಲಯದ ಹುಡುಗರೂ ಮಿಕ್ಸರ್ (ರೇಡಿಯೋದೊಳಗೆ ಬಂದ ಅಲೆಯ ಕಂಪನಾಂಕವನ್ನು ಬದಲಿಸುವ ಭಾಗ) ಬಗ್ಗೆ ಕೇಳಿದ್ದು ಹೆಚ್ಚು ಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು. ಹುಡುಗರಿಗೆ ಸೂತ್ರ ಬಾಯಿಪಾಠ, ಆದರೆ ಸರ್ಕಿಟ್ಟಿನಲ್ಲಿ ಮಿಕ್ಸರ್ ಎಲ್ಲಿದೆ ಎಂದರೆ ಮುಖ ಮುಖ ನೋಡುತ್ತಾರೆ. ಕಾಕಾ ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿ ತೋರಿಸುತ್ತಿದ್ದರು, ಸೂತ್ರ ಕೇಳಿದರೆ ನಗುತ್ತಿದ್ದರು. ಇಲ್ಲಿರುವ ಉತ್ತರಗಳು ಈ ಇಬ್ಬರ ನಡುವಿನವು. ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದಕ್ಕೆ (ಅದರ ಅಳತೆ ಹರ್ಟ್ಸ್) ಪಠ್ಯಪುಸ್ತಕ ‘ಆವೃತ್ತಿ’ ಎನ್ನುತ್ತದೆ, ನಾನು ‘ಕಂಪನಾಂಕ’ ಎಂದೇ ಬರೆಯುತ್ತೇನೆ. ರೇಡಿಯೋ ಕೇಳಿ ಬೆಳೆದವನ ಕಿವಿಗೆ ಆ ಪದವೇ ಹತ್ತಿರ.

ಮಿಕ್ಸರ್ ಎಂದರೆ ಎರಡು ಸಂಕೇತಗಳನ್ನು ಬೆರೆಸುವುದು, ಅಷ್ಟೇ ತಾನೆ?

ಅಲ್ಲ. ಹೆಸರೇ ದಾರಿ ತಪ್ಪಿಸುತ್ತದೆ. ಗಿರ್ಮಿಟ್ ಮಾಡುವವನು ಮಂಡಕ್ಕಿ, ಈರುಳ್ಳಿ, ಒಗ್ಗರಣೆ ಎಲ್ಲವನ್ನೂ ಕಲಸುತ್ತಾನೆ. ಕಲಸಿದ ಮೇಲೂ ಮಂಡಕ್ಕಿ ಮಂಡಕ್ಕಿಯೇ, ಈರುಳ್ಳಿ ಈರುಳ್ಳಿಯೇ. ಮದುವೆ ಮನೆಯ ಧ್ವನಿವರ್ಧಕದವರ ಮೇಜಿನ ಮೇಲಿರುವ ಆಡಿಯೋ ಮಿಕ್ಸರ್ ಕೂಡ ಇದೇ ಜಾತಿಯದು. ಹಾಡುವವರ ಧ್ವನಿಗೆ ತಬಲಾದ ಧ್ವನಿಯನ್ನು ಕೂಡಿಸುತ್ತದೆ. ಕೂಡಿಸುವುದರಿಂದ ಹೊಸ ಕಂಪನಾಂಕ ಹುಟ್ಟುವುದಿಲ್ಲ.

ರೇಡಿಯೋ ಮಿಕ್ಸರ್ ಕೂಡಿಸುವುದಿಲ್ಲ, ಗುಣಿಸುತ್ತದೆ. ಎರಡು ಕೊಸೈನ್ ಅಲೆಗಳನ್ನು ಗುಣಿಸಿದರೆ ಒಂದು ಮೊತ್ತದ ಕಂಪನಾಂಕದಲ್ಲಿ, ಇನ್ನೊಂದು ವ್ಯತ್ಯಾಸದ ಕಂಪನಾಂಕದಲ್ಲಿ, ಹೀಗೆ ಎರಡು ಹೊಸ ಅಲೆಗಳು ಸಿಗುತ್ತವೆ. ಪಿಯುಸಿಯಲ್ಲಿ ಅಂಕಕ್ಕಾಗಿ ಕಲಿತು ಮರೆತ ತ್ರಿಕೋನಮಿತಿಯ ಸೂತ್ರವೇ ಇದು. ಒಳಗೆ ಹೋದ ಎರಡೂ ಕಂಪನಾಂಕಗಳು ಆದರ್ಶ ಗುಣಾಕಾರದ ಉತ್ತರದಲ್ಲಿ ಇರುವುದೇ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಉಳಿಸಿಕೊಂಡ ಲೇತ್ ಶೆಡ್ ಹುಡುಕಿ. ನಮ್ಮ ವಿದ್ಯುತ್ತಿನ ಕಂಪನಾಂಕ 50 ಹರ್ಟ್ಸ್, ಆದ್ದರಿಂದ ಆ ಬೆಳಕು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಾಲ್ಕು ದವಡೆಯ ಚಕ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸುತ್ತು, ಅಂದರೆ ಒಂದೇ ಜಾಗದಲ್ಲಿ ಸೆಕೆಂಡಿಗೆ 100 ದವಡೆಗಳು ಹಾದುಹೋಗುತ್ತವೆ. ಆಗ ಚಕ್ ನಿಂತಂತೆ ಕಾಣುತ್ತದೆ. ವೇಗ 1515 ಆದರೆ ಹಾದುಹೋಗುವ ದವಡೆಗಳು 101. ಕಣ್ಣಿಗೆ ಕಾಣುವುದು ಸೆಕೆಂಡಿಗೆ ಒಂದು ದವಡೆಯಷ್ಟು ಮೆಲ್ಲಗೆ ತೆವಳುವ ಚಕ್. ಬೆಳಕು ಇದ್ದಾಗ ಮಾತ್ರ ದವಡೆ ಕಾಣುತ್ತದೆ, ಇಲ್ಲದಾಗ ಇಲ್ಲ. ಒಂದು ಸಲ ಒಂದರಿಂದ, ಇನ್ನೊಂದು ಸಲ ಸೊನ್ನೆಯಿಂದ ಗುಣಿಸಿದಂತೆ. 101ರಲ್ಲಿ 100 ಕಳೆದು ಉಳಿದ ಆ ಒಂದೇ ನಮ್ಮ ವ್ಯತ್ಯಾಸದ ಕಂಪನಾಂಕ. ಡಯೋಡುಗಳ (ವಿದ್ಯುತ್ತನ್ನು ಒಂದೇ ಕಡೆಗೆ ಬಿಡುವ ಭಾಗಗಳ) ಮಿಕ್ಸರ್ ಮಾಡುವುದೂ ಅಕ್ಷರಶಃ ಇದನ್ನೇ, ಸಾವಿರಾರು, ಲಕ್ಷಾಂತರ ಪಟ್ಟು ವೇಗದಲ್ಲಿ. (ನಿಂತಿದೆ ಎಂದು ಆ ಚಕ್ಕಿಗೆ ಕೈ ಹಾಕಬೇಡಿ. ಹಳೆಯ ಫಿಟ್ಟರುಗಳು ಲೇತಿನ ಮೇಲೆ ಬಲ್ಬನ್ನೇ ತೂಗುಹಾಕುತ್ತಿದ್ದದ್ದು ಇದೇ ಕಾರಣಕ್ಕೆ.)

ತಂಬೂರಿಯ ಜೋಡಿ ತಂತಿಗಳು ಸರಿಯಾಗಿ ಸೇರದಿದ್ದಾಗ ‘ವಾಂವ್ ವಾಂವ್’ ಎಂದು ಅಲೆಯುತ್ತವಲ್ಲ, ಅದೂ ಮಿಕ್ಸಿಂಗ್ ತಾನೆ?

ಮನೆಗೊಬ್ಬರು ಹಾಡುವ ಧಾರವಾಡದಲ್ಲಿ ಈ ಪ್ರಶ್ನೆ ಬರದೇ ಇರುತ್ತದೆಯೇ! ಒಂದು ತಂತಿ 130 ಹರ್ಟ್ಸ್, ಇನ್ನೊಂದು 131 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಒಮ್ಮೆ ಧ್ವನಿ ಏರಿ ಇಳಿಯುತ್ತದೆ. ಆದರೆ ಗಾಳಿಯಲ್ಲಿ 1 ಹರ್ಟ್ಸಿನ ಅಲೆ ಎಲ್ಲಿಯೂ ಇಲ್ಲ. ಇರುವುದು 130 ಮತ್ತು 131 ಮಾತ್ರ. ಅವು ಕೂಡಿ ಒಮ್ಮೆ ಬಲವಾಗುತ್ತವೆ, ಒಮ್ಮೆ ಒಂದನ್ನೊಂದು ಕಳೆಯುತ್ತವೆ. ಇದು ಸಂಕಲನ. ಆ ಏರಿಳಿತವನ್ನು ನಿಜವಾದ ಅಲೆಯಾಗಿ ಹೊರತೆಗೆಯಬೇಕಾದರೆ ನಡುವೆ ಸರಳರೇಖೆಯಲ್ಲಿ ವರ್ತಿಸದ (ಒಳಗೆ ಎರಡರಷ್ಟು ಕೊಟ್ಟರೆ ಹೊರಗೆ ಸರಿಯಾಗಿ ಎರಡರಷ್ಟು ಕೊಡದ) ವಸ್ತುವೊಂದು ಬೇಕು: ಒಂದು ಕಡೆಗೆ ಮಾತ್ರ ಬಿಡುವ ಡಯೋಡ್, ಬಾಗಿದ ಗುಣರೇಖೆಯ ಟ್ರಾನ್ಸಿಸ್ಟರ್. ಈ ‘ಬಾಗು’ ಇಲ್ಲದೆ ಗುಣಾಕಾರವಿಲ್ಲ. ಆಂಪ್ಲಿಫೈಯರಿನಲ್ಲಿ ನಾವು ಶಪಿಸುವ ಬಾಗನ್ನೇ ಮಿಕ್ಸರಿನಲ್ಲಿ ಬೇಕೆಂದು ಕೇಳುತ್ತೇವೆ.

ಕಂಪನಾಂಕವನ್ನು ಯಾಕೆ ಬದಲಿಸಬೇಕು? ಬಂದದ್ದನ್ನು ಬಂದಂತೆಯೇ ಬಲಪಡಿಸಿದರೆ ಆಗದೇ?

ಧಾರವಾಡ ಆಕಾಶವಾಣಿಯನ್ನೇ ತೆಗೆದುಕೊಳ್ಳೋಣ. 1950ರಲ್ಲಿ ಶುರುವಾದ ಕೇಂದ್ರ, ಮಧ್ಯಮ ತರಂಗದಲ್ಲಿ 765 ಕಿಲೋಹರ್ಟ್ಸ್. ಬೆಂಗಳೂರು 612. ನಮ್ಮ ಭಾಗದ ಜಗತ್ತಿನಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂರಿಸುತ್ತಾರೆ (765ನ್ನೂ 612ನ್ನೂ 9ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ). ಬೇಕಾದ ಕೇಂದ್ರವನ್ನು ಒಳಗೆ ಬಿಟ್ಟು ಒಂಬತ್ತೇ ಕಿಲೋಹರ್ಟ್ಸ್ ಆಚೆ ಇರುವ ಪಕ್ಕದವನನ್ನು ತಡೆಯಲು ಚೂಪಾದ ಫಿಲ್ಟರ್ ಬೇಕು. ಒಂದೇ ಕಂಪನಾಂಕಕ್ಕೆ ಅಂಥ ಫಿಲ್ಟರ್ ಮಾಡುವುದು ಕಷ್ಟವಲ್ಲ. ಗುಂಡಿ ತಿರುಗಿಸಿದಂತೆಲ್ಲ ಅದು ಜಾಗ ಬದಲಿಸಬೇಕು, ಆದರೂ ಚೂಪು ಕಳೆದುಕೊಳ್ಳಬಾರದು ಎಂದರೆ ಪೀಕಲಾಟ.

ಮಿಕ್ಸರ್ ಈ ಲೆಕ್ಕವನ್ನೇ ತಿರುಗಿಸಿತು. ಫಿಲ್ಟರ್ ನಿಂತಲ್ಲೇ ನಿಲ್ಲಲಿ, ಕೇಂದ್ರಗಳೇ ಅದರ ಮುಂದೆ ಬಂದು ನಿಲ್ಲಲಿ. ರೇಡಿಯೋದೊಳಗೆ ಲೋಕಲ್ ಆಸಿಲೇಟರ್ ಎಂಬ ಪುಟ್ಟ ಅಲೆಜನಕ ಇರುತ್ತದೆ. ನೀವು 765ಕ್ಕೆ ತಿರುಗಿಸಿದಾಗ ಅದು 1220ರಲ್ಲಿ ಕಂಪಿಸುತ್ತದೆ. 1220ರಲ್ಲಿ 765 ಕಳೆದರೆ 455. ಬೆಂಗಳೂರಿಗೆ ತಿರುಗಿಸಿದರೆ ಆಸಿಲೇಟರ್ 1067ಕ್ಕೆ ಇಳಿಯುತ್ತದೆ, ವ್ಯತ್ಯಾಸ ಮತ್ತೆ 455. ಯಾವ ಕೇಂದ್ರವಾದರೂ 455ರ ಬಾಗಿಲಿನಿಂದಲೇ ಒಳಗೆ ಬರಬೇಕು. ಮೊತ್ತದ ಅಲೆಯೂ, ಅಂದರೆ 1985 ಕೂಡ, ಹುಟ್ಟುತ್ತದೆ. ಅದನ್ನು ಫಿಲ್ಟರ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಈ 455ಕ್ಕೆ ಐಎಫ್ ಎಂದು ಹೆಸರು, ಕನ್ನಡದಲ್ಲಿ ಮಧ್ಯಂತರ ಕಂಪನಾಂಕ ಎನ್ನಬಹುದು. ಟ್ರಾನ್ಸಿಸ್ಟರ್ ಸೆಟ್ಟಿನ ಹೊದಿಕೆ ತೆಗೆದರೆ ಕಾಣುವ ಹಳದಿ, ಬಿಳಿ, ಕಪ್ಪು ತಲೆಯ ತಗಡಿನ ಡಬ್ಬಿಗಳು ಆ ಬಾಗಿಲುಗಳು. ಕೆಂಪು ತಲೆಯದು ಆಸಿಲೇಟರ್ ಸುರುಳಿ. ತಿಳಿಯದವರು ಅದರ ತಲೆ ತಿರುಗಿಸಿಯೇ ಎಷ್ಟೋ ರೇಡಿಯೋಗಳು ಕಾಕಾ ಅವರ ಮೇಜಿಗೆ ಬಂದವು.

ಇನ್ನೊಂದು ಲಾಭವನ್ನು ಪುಸ್ತಕಗಳು ಅರ್ಧ ಸಾಲಿನಲ್ಲಿ ಮುಗಿಸುತ್ತವೆ. ಆಂಟೆನಾದಿಂದ ಸ್ಪೀಕರಿನವರೆಗೆ ಇಡೀ ಬಲವರ್ಧನೆ ಒಂದೇ ಕಂಪನಾಂಕದಲ್ಲಿ ನಡೆದರೆ ಕೊನೆಯ ಹಂತದ ಅಲೆ ಮೊದಲ ಹಂತಕ್ಕೆ ಸೋರಿ ಸೆಟ್ಟು ಊಳಿಡುತ್ತದೆ. ಮಿಕ್ಸರ್ ನಡುವೆ ಬಂದಾಗ ಬಲವರ್ಧನೆ ಬೇರೆ ಬೇರೆ ಕಂಪನಾಂಕಗಳಿಗೆ ಹಂಚಿಹೋಗುತ್ತದೆ, ಊಳು ನಿಲ್ಲುತ್ತದೆ.

ಇದನ್ನು ಮೊದಲು ಯೋಚಿಸಿದವರು ಯಾರು?

ಕೆನಡಾದಲ್ಲಿ ಹುಟ್ಟಿದ ರೆಜಿನಾಲ್ಡ್ ಫೆಸೆಂಡನ್ 1901ರ ಹೊತ್ತಿಗೇ ಎರಡು ಅಲೆಗಳಿಂದ ಕಿವಿಗೆ ಕೇಳುವ ವ್ಯತ್ಯಾಸವನ್ನು ಪಡೆಯುವ ವಿಚಾರವನ್ನು ಮುಂದಿಟ್ಟಿದ್ದರು. ಸ್ಥಿರವಾದ ಆಸಿಲೇಟರ್ ಆಗ ಇರಲಿಲ್ಲ, ಹಾಗಾಗಿ ವಿಚಾರ ಕಾಯಬೇಕಾಯಿತು. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಪ್ಯಾರಿಸ್‌ನಲ್ಲಿದ್ದ ಅಮೆರಿಕದ ಸೇನಾಧಿಕಾರಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಹೀಗೆ ಮಧ್ಯಂತರ ಕಂಪನಾಂಕಕ್ಕೆ ಇಳಿಸಿಕೊಳ್ಳುವ ಸೂಪರ್‌ಹೆಟೆರೊಡೈನ್ ರೇಡಿಯೋ ರೂಪಿಸಿದರು. ಫ್ರಾನ್ಸಿನ ಲೂಸಿಯೆನ್ ಲೆವಿ 1917ರಲ್ಲೇ ಪೇಟೆಂಟ್ ಕೋರಿದ್ದರು, ಜರ್ಮನಿಯಲ್ಲಿ ವಾಲ್ಟರ್ ಶಾಟ್ಕಿ ಅದೇ ದಾರಿಯಲ್ಲಿದ್ದರು. ಹೆಸರು ಉಳಿದದ್ದು ಆರ್ಮ್‌ಸ್ಟ್ರಾಂಗ್‌ ಅವರದು. ನಮ್ಮ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ: ಜಗದೀಶಚಂದ್ರ ಬೋಸ್ ಅವರು ರೇಡಿಯೋ ಅಲೆ ಪತ್ತೆಹಚ್ಚುವ ಗೆಲೀನಾ ಹರಳಿನ ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದು ಮಿಕ್ಸರ್ ಅಲ್ಲ, ಆದರೆ ಇಂದಿನ ಮಿಕ್ಸರ್ ಡಯೋಡುಗಳ ವಂಶಾವಳಿಯಲ್ಲಿ ಹಿರಿಯ.

ಇಮೇಜ್ ಎಂದರೇನು? ಪರೀಕ್ಷೆಯಲ್ಲಿ ಪ್ರತಿ ಸಲ ಕೇಳುತ್ತಾರೆ.

ಮಿಕ್ಸರಿಗೆ ವ್ಯತ್ಯಾಸ ಮಾತ್ರ ಗೊತ್ತು, ಯಾರು ದೊಡ್ಡವರು ಎಂಬುದು ಗೊತ್ತಿಲ್ಲ. ಆಸಿಲೇಟರ್ 1220ರಲ್ಲಿರುವಾಗ 765 ಬಂದರೂ 455, 1675 ಬಂದರೂ 455. ಈ 1675 ಬೇಡದ ಬಿಂಬ, ಅದೇ ಇಮೇಜ್. ಬೇಕಾದದ್ದಕ್ಕೂ ಅದಕ್ಕೂ ಇರುವ ದೂರ ಯಾವಾಗಲೂ ಐಎಫ್‌ನ ಎರಡರಷ್ಟು. ಮಿಕ್ಸರ್ ದಾಟಿದ ಮೇಲೆ ಎರಡನ್ನೂ ಬೇರ್ಪಡಿಸಲು ಸಾಧ್ಯವಿಲ್ಲ, ಆದ್ದರಿಂದ ತಡೆಯುವುದಿದ್ದರೆ ಮೊದಲೇ ತಡೆಯಬೇಕು. ಎಫ್‌ಎಂ ರೇಡಿಯೋಗಳಲ್ಲಿ ಐಎಫ್ 10.7 ಮೆಗಾಹರ್ಟ್ಸ್ ಇಟ್ಟದ್ದರಿಂದ ಬಿಂಬ 21.4 ಮೆಗಾಹರ್ಟ್ಸ್ ಆಚೆ ಬೀಳುತ್ತದೆ. 88ಕ್ಕೆ 21.4 ಕೂಡಿಸಿದರೆ 109.4, ಅಂದರೆ ಬಿಂಬ 88ರಿಂದ 108ರ ಎಫ್‌ಎಂ ಪಟ್ಟಿಯ ಹೊರಗೇ ಬೀಳಬೇಕು ಎಂಬ ಲೆಕ್ಕಾಚಾರ. ಆದರೆ ಅಲ್ಲಿ ವಿಮಾನಗಳ ಸಂಪರ್ಕ ಇದೆ. ಅಗ್ಗದ ಎಫ್‌ಎಂ ಸೆಟ್ಟುಗಳಲ್ಲಿ ವಿಮಾನ ನಿಲ್ದಾಣದ ಸಮೀಪ ಪೈಲಟ್ ಮಾತು ನುಸುಳುವುದು ಈ ಬಿಂಬದ ದಾರಿಯಿಂದಲೇ.

ನಮ್ಮ ಹಳೆಯ ರೇಡಿಯೋದಲ್ಲಿ ಧಾರವಾಡ ಕೇಂದ್ರ ಇನ್ನೂ ಎರಡು ಮೂರು ಕಡೆ ಕೇಳುತ್ತದೆ. ಸೆಟ್ಟು ಕೆಟ್ಟಿದೆಯೇ?

ಈ ಪ್ರಶ್ನೆಗೆ ಉತ್ತರ ಸಿಗಲು ನನಗೇ ಹದಿನೈದು ವರ್ಷ ಬೇಕಾಯಿತು. ಅಂಗಡಿಯಲ್ಲಿ ಬೆಂಗಳೂರು ಕೇಂದ್ರ ಹಿಡಿಯಲು 612ರ ಸುತ್ತ ಮುಳ್ಳು ಆಡಿಸುವಾಗ ಒಂದು ತೆಳ್ಳಗಿನ ಸಿಳ್ಳು ಬರುತ್ತಿತ್ತು. ಸ್ವಲ್ಪ ಮೇಲೆ, 620ರ ಹತ್ತಿರ, ಧಾರವಾಡದ ವಾರ್ತೆ ಮಡಕೆಯೊಳಗಿಂದ ಮಾತಾಡಿದಂತೆ ಒಡೆದ ಧ್ವನಿಯಲ್ಲಿ ಕೇಳುತ್ತಿತ್ತು. ಕಾಕಾ ಅದಕ್ಕೆ ‘ದೆವ್ವ’ ಎಂದೇ ಹೆಸರಿಟ್ಟಿದ್ದರು. ಗಿರಾಕಿಗಳಿಗೂ “ಅದು ದೆವ್ವ, ಬಿಡಿ” ಎಂದೇ ಹೇಳುತ್ತಿದ್ದರು. ಬಿಂಬ ಇರಬೇಕು ಎಂದು ನಾನು ಲೆಕ್ಕ ಹಾಕಿದೆ, ಕೂಡಿಬರಲಿಲ್ಲ.

ಮುಂದೆ ಪ್ರಯೋಗಾಲಯದಲ್ಲಿ ಒಂದು ಸಂಜೆ ಬೇರೆ ಯಾವುದೋ ಮಿಕ್ಸರಿನ ಅಡ್ಡ ಉತ್ಪನ್ನಗಳ ಪಟ್ಟಿ ಮಾಡುವಾಗ ಹೊಳೆಯಿತು. ಗುಣಾಕಾರಕ್ಕೆಂದು ಬಳಸುವ ಆ ಬಾಗು ಒಂದೇ ಕೆಲಸ ಮಾಡಿ ಸುಮ್ಮನಿರುವುದಿಲ್ಲ. ಒಳಗೆ ಬಂದ ಸಂಕೇತ ಬಲವಾಗಿದ್ದರೆ ಅದರ ಇಮ್ಮಡಿ, ಮುಮ್ಮಡಿಗಳನ್ನೂ ಹುಟ್ಟಿಸಿ ಅವನ್ನೂ ಆಸಿಲೇಟರಿನೊಂದಿಗೆ ಗುಣಿಸುತ್ತದೆ. 765ರ ಇಮ್ಮಡಿ 1530. ಮುಳ್ಳು 620ರಲ್ಲಿದ್ದಾಗ ಆಸಿಲೇಟರ್ 1075ರಲ್ಲಿ ಇರುತ್ತದೆ. 1530ರಲ್ಲಿ 1075 ಕಳೆಯಿರಿ: 455. ದೆವ್ವ ಸಿಕ್ಕಿಬಿತ್ತು! ಮುಳ್ಳು ಬೆಂಗಳೂರಿನ 612ರಲ್ಲಿದ್ದರೆ ಇದೇ ಲೆಕ್ಕಕ್ಕೆ 463 ಬರುತ್ತದೆ. ಅದು 455ರಿಂದ ಎಂಟೇ ಕಿಲೋಹರ್ಟ್ಸ್ ಆಚೆ, ಎರಡರ ನಡುವಿನ ಆ ಎಂಟರ ವ್ಯತ್ಯಾಸವೇ ಕಿವಿಗೆ ಕೇಳುತ್ತಿದ್ದ ತೆಳ್ಳಗಿನ ಸಿಳ್ಳು. ಧ್ವನಿ ಒಡೆದದ್ದಕ್ಕೂ ಕಾರಣ ಸಿಕ್ಕಿತು: ಇಮ್ಮಡಿಯಾದದ್ದು ವಾಹಕ ಅಲೆ ಮಾತ್ರವಲ್ಲ, ಅದರ ಮೇಲೆ ಕುಳಿತ ಮಾತು ಕೂಡ ತನ್ನಿಂದಲೇ ಗುಣಿಸಿಕೊಂಡು ವಿಕಾರವಾಗಿತ್ತು. ಇದೇ ಇಮ್ಮಡಿ 1530ರಲ್ಲಿಯೂ ಕೇಳಬಹುದು.

ಹಾಗಾಗಿ ಸೆಟ್ಟು ಕೆಟ್ಟಿಲ್ಲ. 200 ಕಿಲೋವ್ಯಾಟ್ ಕೇಂದ್ರದ ಮಗ್ಗುಲಲ್ಲಿ ಮನೆ ಮಾಡಿದವರ ಮಿಕ್ಸರ್ ತನ್ನ ಶಕ್ತಿಗೆ ಮೀರಿದ ಊಟ ಮಾಡಿದೆ, ಅಷ್ಟೇ. ರೇಡಿಯೋವನ್ನು ಅಡ್ಡ ತಿರುಗಿಸಿ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಕೇಂದ್ರದ ಕಡೆಗೆ ನೆಟ್ಟಾಗ ಸಂಕೇತ ಬಹಳ ಕುಗ್ಗುತ್ತದೆ, ದೆವ್ವ ಅದಕ್ಕಿಂತ ಬೇಗ ಕುಗ್ಗುತ್ತದೆ. ಇಮ್ಮಡಿಯಿಂದ ಹುಟ್ಟಿದ್ದು ಒಂದಕ್ಕೆರಡು ಇಳಿಯುವುದು ಅದರ ಸ್ವಭಾವ.

ಮಿಕ್ಸರಿನ ಒಳಗೆ ಏನಿರುತ್ತದೆ?

ಕಾಲಕ್ಕೆ ತಕ್ಕಂತೆ. ವಾಲ್ವ್ ಸೆಟ್ಟುಗಳಲ್ಲಿ ಇಸಿಎಚ್81 ಎಂಬ ವಾಲ್ವ್ ಇರುತ್ತಿತ್ತು, ಒಂದೇ ಗಾಜಿನೊಳಗೆ ಆಸಿಲೇಟರಿಗೆ ಒಂದು ಭಾಗ, ಮಿಕ್ಸಿಂಗಿಗೆ ಒಂದು ಭಾಗ. ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಬಿಎಫ್194 ಅಥವಾ ಬಿಎಫ್195 ಒಂದೇ ತಾನೇ ಕಂಪಿಸುತ್ತ ತಾನೇ ಮಿಕ್ಸ್ ಮಾಡುತ್ತಿತ್ತು. ದುಡ್ಡು ಉಳಿಸುವ ವಿನ್ಯಾಸ, ದೆವ್ವಗಳಿಗೆ ಒಳ್ಳೆಯ ಆಶ್ರಯ.

ನಾಲ್ಕು ಡಯೋಡ್ ಮತ್ತು ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳ ಉಂಗುರ ನನಗೆ ಅತ್ಯಂತ ಪ್ರಿಯವಾದದ್ದು. ಆಸಿಲೇಟರ್ ಅಲೆ ಒಂದು ಅರ್ಧದಲ್ಲಿ ಎರಡು ಡಯೋಡುಗಳನ್ನು ತೆರೆಯುತ್ತದೆ, ಇನ್ನೊಂದು ಅರ್ಧದಲ್ಲಿ ಉಳಿದೆರಡನ್ನು. ಒಳಬಂದ ಸಂಕೇತ ಒಮ್ಮೆ ನೇರ, ಒಮ್ಮೆ ತಲೆಕೆಳಗಾಗಿ ಹೊರಬೀಳುತ್ತದೆ. ಒಂದರಿಂದಲೂ ಋಣ ಒಂದರಿಂದಲೂ ಸರದಿಯಂತೆ ಗುಣಿಸಿದ ಹಾಗೆ, ಲೇತ್ ಶೆಡ್ಡಿನ ಬೆಳಕಿಗಿಂತ ಒಂದು ಹೆಜ್ಜೆ ಮುಂದೆ. ಎರಡೂ ಬದಿ ಸಮತೋಲದಲ್ಲಿರುವುದರಿಂದ ಆಸಿಲೇಟರಿನ ಅಲೆ ಹೊರಗೆ ಸೋರುವುದು ಕಡಿಮೆ, ಇಮ್ಮಡಿಗಳು ತಾವೇ ಒಂದನ್ನೊಂದು ಕಳೆದುಕೊಳ್ಳುತ್ತವೆ. ಕಾಕಾ ಅವರ ದೆವ್ವ ಇಲ್ಲಿ ಬದುಕುವುದಿಲ್ಲ.

ಐಸಿ ಚಿಪ್ಪುಗಳೊಳಗೆ ಸಾಮಾನ್ಯವಾಗಿ ಗಿಲ್ಬರ್ಟ್ ಸೆಲ್ ಇರುತ್ತದೆ. ಬ್ಯಾರಿ ಗಿಲ್ಬರ್ಟ್ 1968ರಲ್ಲಿ ಪ್ರಕಟಿಸಿದ ಟ್ರಾನ್ಸಿಸ್ಟರ್ ಜೋಡಣೆಯಿಂದ ಆ ಹೆಸರು ಬಂತು, ಅಂಥದೇ ಜೋಡಣೆಯನ್ನು ಹೊವರ್ಡ್ ಜೋನ್ಸ್ ಮೊದಲೇ ಮಾಡಿದ್ದರೂ. ಎಂಜಿನಿಯರಿಂಗ್ ಪ್ರಯೋಗಾಲಯಗಳ 1496 ಐಸಿಯೂ ಇದೇ ಮನೆತನದ್ದು. ಡಯೋಡ್ ಉಂಗುರ ಸಂಕೇತವನ್ನು ಕುಗ್ಗಿಸುತ್ತದೆ, ಇದು ಹಿಗ್ಗಿಸುತ್ತದೆ. ಆದರೆ ಬಲವಾದ ಸಂಕೇತದ ಮುಂದೆ ಉಂಗುರಕ್ಕಿಂತ ಬೇಗ ತಬ್ಬಿಬ್ಬಾಗುತ್ತದೆ.

ಮಿಕ್ಸರ್ ಕೊಳ್ಳುವಾಗ ಡೇಟಾಶೀಟಿನಲ್ಲಿ ಮೊದಲು ಏನನ್ನು ನೋಡಬೇಕು?

ಎಲ್ಲರೂ ಮೊದಲು ಕನ್ವರ್ಷನ್ ಲಾಸ್ (ಕಂಪನಾಂಕ ಬದಲಿಸುವಾಗ ಕಳೆದುಹೋಗುವ ಶಕ್ತಿ) ನೋಡುತ್ತಾರೆ, ನಾನು ಅದನ್ನು ಕೊನೆಗೆ ನೋಡುತ್ತೇನೆ. ಡಯೋಡ್ ಉಂಗುರಕ್ಕೆ ಅದು ಸುಮಾರು 6 ಡೆಸಿಬೆಲ್, ಅಂದರೆ ಒಳಬಂದ ಶಕ್ತಿಯ ಕಾಲು ಭಾಗ ಹೊರಬರುತ್ತದೆ. ದೇವರೇ ಮಾಡಿದ ಉಂಗುರವಾದರೂ 3.9 ಡೆಸಿಬೆಲ್‌ಗಿಂತ ಕಡಿಮೆ ಆಗದು: ವ್ಯತ್ಯಾಸದ ಅಲೆಗೆ ಸಿಕ್ಕಷ್ಟೇ ಶಕ್ತಿ ಮೊತ್ತದ ಅಲೆಗೂ ಹೋಗುತ್ತದೆ, ಮತ್ತಷ್ಟು ಆಸಿಲೇಟರಿನ ಮುಮ್ಮಡಿ, ಐದುಮಡಿಗಳ ಪಾಲಾಗುತ್ತದೆ. ಇದರಲ್ಲಿ ಅರ್ಧ ಡೆಸಿಬೆಲ್ ಉಳಿಸಲು ಒದ್ದಾಡುವುದು ವ್ಯರ್ಥ.

ಮೊದಲು ನೋಡಬೇಕಾದದ್ದು ಆಸಿಲೇಟರ್ ಎಷ್ಟು ಬಲ ಕೊಡಬೇಕು ಎಂಬುದನ್ನು. ಸಾಮಾನ್ಯ ಉಂಗುರಗಳಿಗೆ 7 ಡಿಬಿಎಂ, ಅಂದರೆ 5 ಮಿಲಿವ್ಯಾಟ್ ಬೇಕು. ಹುಡುಗರು ಅರ್ಧ ಮಿಲಿವ್ಯಾಟ್ ಕೊಟ್ಟು “ಸರ್, ಮಿಕ್ಸರ್ ಸರಿಯಿಲ್ಲ” ಎನ್ನುತ್ತಾರೆ. ಬಾಗಿಲು ಅರೆ ತೆರೆದರೆ ಒಳಗೆ ಹೋಗುವವರು ಒರಸಿಕೊಂಡೇ ಹೋಗಬೇಕು.

ಎರಡನೆಯದು ಮುಮ್ಮಡಿ ಅಡ್ಡಬಿಂದು, ಡೇಟಾಶೀಟಿನಲ್ಲಿ ಐಪಿ3. ಎರಡು ಬಲವಾದ ಕೇಂದ್ರಗಳು ಒಟ್ಟಿಗೆ ಬಂದರೆ ಒಂದರ ಇಮ್ಮಡಿಯಲ್ಲಿ ಇನ್ನೊಂದನ್ನು ಕಳೆದಷ್ಟು ಕಂಪನಾಂಕದಲ್ಲಿ ಇಲ್ಲದ ಮೂರನೆಯ ಕೇಂದ್ರ ಹುಟ್ಟುತ್ತದೆ. ನಿಮಗೆ ಬೇಕಾದ ದುರ್ಬಲ ಸಂಕೇತ ಅದೇ ಜಾಗದಲ್ಲಿದ್ದರೆ ಮುಗಿಯಿತು. ಐಪಿ3 ಎತ್ತರವಿದ್ದಷ್ಟೂ ಮಿಕ್ಸರ್ ಗಟ್ಟಿ. ಇಲ್ಲೊಂದು ಕೈಚಳಕವಿದೆ: ಒಳಬರುವುದು 1 ಡೆಸಿಬೆಲ್ ಇಳಿದರೆ ಈ ಸುಳ್ಳು ಕೇಂದ್ರಗಳು 3 ಡೆಸಿಬೆಲ್ ಇಳಿಯುತ್ತವೆ. ಗದ್ದಲದ ಬ್ಯಾಂಡಿನಲ್ಲಿ ಆಂಟೆನಾದ ಬಳಿ ಸಂಕೇತವನ್ನು ಕುಗ್ಗಿಸುವ 6 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿದರೆ ಬೇಕಾದದ್ದು 6 ಕುಗ್ಗುತ್ತದೆ, ಬೇಡದ್ದು 18. ಕೇಳಿಸುವುದಿಲ್ಲ ಎಂದು ಆಂಪ್ಲಿಫೈಯರ್ ಸೇರಿಸುವವರಿಗೆ ಇದನ್ನು ನಂಬಿಸುವುದು ಬಹಳ ಕಷ್ಟ.

ಆಸಿಲೇಟರಿನ ಅಲೆ ಹೊರಗೆ ಸೋರಿದರೆ ಯಾರಿಗೆ ತೊಂದರೆ?

ವಿಮಾನಕ್ಕೆ. ಎಫ್‌ಎಂ ಸೆಟ್ಟನ್ನು 99.6ಕ್ಕೆ ತಿರುಗಿಸಿದರೆ ಆಸಿಲೇಟರ್ 110.3 ಮೆಗಾಹರ್ಟ್ಸ್‌ನಲ್ಲಿರುತ್ತದೆ. 108ರಿಂದ 118 ಮೆಗಾಹರ್ಟ್ಸ್‌ವರೆಗಿನ ಜಾಗ ವಿಮಾನಗಳಿಗೆ ದಾರಿ ತೋರಿಸುವ ಸಂಕೇತಗಳದು, ರನ್‌ವೇಗೆ ನೇರ ಇಳಿಯಲು ನೆರವಾಗುವ ಸಂಕೇತವೂ ಅದರಲ್ಲೇ. ಕಿಸೆಯಲ್ಲಿರುವ ರೇಡಿಯೋ ಪುಟ್ಟ ಪ್ರಸಾರ ಕೇಂದ್ರವೂ ಹೌದು ಎಂಬುದು ಗೊತ್ತಿದ್ದೇ ವಿಮಾನದೊಳಗೆ ಅದನ್ನು ಹಚ್ಚಬಾರದು ಎಂದರು.

ಡಿಶ್ ತುದಿಯಲ್ಲಿರುವ ಎಲ್‌ಎನ್‌ಬಿಯಲ್ಲಿ ಮಿಕ್ಸರ್ ಇದೆಯಂತೆ, ನಿಜವೇ?

ನಿಜ. ಮನೆಯ ಛಾವಣಿ ಮೇಲೆ ಬಿಸಿಲು ಮಳೆಯಲ್ಲಿ ದುಡಿಯುವ ಮಿಕ್ಸರ್ ಅದು. ಉಪಗ್ರಹದಿಂದ ಬರುವುದು 11 ಗಿಗಾಹರ್ಟ್ಸ್ ಆಸುಪಾಸಿನ ಅಲೆ. ಅದನ್ನು ಸಾಮಾನ್ಯ ಕೇಬಲಿನಲ್ಲಿ ಕೆಳಗಿಳಿಸಿದರೆ ಕೋಣೆ ಮುಟ್ಟುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೆ ಡಿಶ್ ಬಾಯಲ್ಲೇ ಕೆಳಗಿಳಿಸುತ್ತಾರೆ. ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಕಾಣುವ 9750 ಮತ್ತು 10600 ಎಂಬ ಸಂಖ್ಯೆಗಳು ಅದರ ಎರಡು ಆಸಿಲೇಟರ್ ಕಂಪನಾಂಕಗಳು, ಮೆಗಾಹರ್ಟ್ಸ್‌ನಲ್ಲಿ. 11,090ರಲ್ಲಿ ಬಂದದ್ದು 9,750 ಕಳೆದು 1,340 ಆಗಿ ಕೇಬಲ್ ಇಳಿಯುತ್ತದೆ. ಎರಡರಲ್ಲಿ ಯಾವುದು ಬೇಕು ಎಂದು ಬಾಕ್ಸ್ ಅದೇ ಕೇಬಲಿನ ಮೇಲೆ 22 ಕಿಲೋಹರ್ಟ್ಸ್ ನಾದ ಕಳಿಸಿ ಹೇಳುತ್ತದೆ.

ಕೇಬಲ್ ಆಪರೇಟರುಗಳ ದೊಡ್ಡ ಸಿ-ಬ್ಯಾಂಡ್ ಡಿಶ್‌ಗೆ ಆಸಿಲೇಟರ್ 5150. ಇಲ್ಲಿ ಆಸಿಲೇಟರ್ ಸಂಕೇತಕ್ಕಿಂತ ಮೇಲಿದೆ. 4000 ಬಂದರೆ 1150, 4100 ಬಂದರೆ 1050. ಮೇಲಿದ್ದದ್ದು ಕೆಳಗಾಯಿತು, ಕನ್ನಡಿಯಲ್ಲಿ ಎಡ ಬಲ ಅದಲು ಬದಲಾದ ಹಾಗೆ. ಮೆನುವಿನಲ್ಲಿ 5150 ಬದಲು 9750 ಇದ್ದರೆ ಡಿಶ್ ಎಷ್ಟು ತಿರುಗಿಸಿದರೂ ಚಾನೆಲ್ ಸಿಗದು. ಗದಗಿನ ಬಂಧುಗಳ ಮನೆಯಲ್ಲಿ ಇಡೀ ಭಾನುವಾರ ಛಾವಣಿ ಮೇಲೆ ಒಣಗಿದ ಮೇಲೆ ನಾನು ಕಲಿತ ಪಾಠ ಇದು.

ಮೇ ತಿಂಗಳ ಮಧ್ಯಾಹ್ನ ಮಾತ್ರ ಚಿತ್ರ ಒಡೆಯುತ್ತದೆ, ಸಂಜೆ ಸರಿಯಾಗುತ್ತದೆ ಎಂದರೆ ಹಳೆಯ ಎಲ್‌ಎನ್‌ಬಿಯ ಆಸಿಲೇಟರ್ ಬಿಸಿಗೆ ಜಾರುತ್ತಿರಬಹುದು. 9750ರಲ್ಲಿ 1 ಮೆಗಾಹರ್ಟ್ಸ್ ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು, ಅಷ್ಟು ಜಾರುವುದು ದೊಡ್ಡ ಮಾತಲ್ಲ. ಸ್ವಲ್ಪ ಜಾರಿದರೆ ಬಾಕ್ಸ್ ಬೆನ್ನಟ್ಟಿ ಹಿಡಿಯುತ್ತದೆ, ಅದಕ್ಕೂ ಮಿತಿಯಿದೆ. ಮಳೆಗೆ ಚಿತ್ರ ಹೋಗುವುದು ಬೇರೆ, ಅದರಲ್ಲಿ ಮಿಕ್ಸರಿನ ತಪ್ಪಿಲ್ಲ.

ಮೊಬೈಲಿನಲ್ಲಿ ಮಿಕ್ಸರ್ ಎಲ್ಲಿ?

ಚಿಗರಿ ಬಸ್ಸಿನಲ್ಲಿ ಕುಳಿತು ಧಾರವಾಡಕ್ಕೆ ಹೋಗುವಾಗ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಹತ್ತಕ್ಕೂ ಹೆಚ್ಚು ಮಿಕ್ಸರುಗಳಿವೆ. 4ಜಿ ಅಥವಾ 5ಜಿ ಸ್ವೀಕರಿಸಲು ಕೆಲವು, ಕಳಿಸಲು ಕೆಲವು, ವೈಫೈ, ಬ್ಲೂಟೂತ್, ಜಿಪಿಎಸ್ ಎಲ್ಲಕ್ಕೂ ಬೇರೆ ಬೇರೆ. ಒಂದೂ ಬಿಡಿಭಾಗವಾಗಿ ಕಾಣುವುದಿಲ್ಲ, ಎಲ್ಲವೂ ಚಿಪ್ಪಿನೊಳಗೆ.

ಕಳಿಸುವ ಕಡೆ ಲೆಕ್ಕ ತಿರುಗುಮುರುಗು. ನಿಮ್ಮ ಮಾತು ಕೆಲವು ಮೆಗಾಹರ್ಟ್ಸ್ ಅಗಲದ ದತ್ತಾಂಶವಾಗಿ ಸೊನ್ನೆಯ ಸುತ್ತ ಕುಳಿತಿರುತ್ತದೆ. ಮಿಕ್ಸರ್ ಅದನ್ನು 1800 ಅಥವಾ 2300 ಮೆಗಾಹರ್ಟ್ಸ್‌ಗೆ ಎತ್ತುತ್ತದೆ, 5ಜಿಯಾದರೆ 3300ರ ಮೇಲೆ. ಎತ್ತದೆ ಗತಿಯಿಲ್ಲ. 1 ಕಿಲೋಹರ್ಟ್ಸ್ ಧ್ವನಿಯನ್ನು ಹಾಗೆಯೇ ರೇಡಿಯೋ ಅಲೆಯಾಗಿ ಬಿಡಲು ಹೋದರೆ ಅದರ ತರಂಗದ ಉದ್ದ 300 ಕಿಲೋಮೀಟರ್, ಕಾಲು ತರಂಗದ ಆಂಟೆನಾ 75 ಕಿಲೋಮೀಟರ್.

ಸ್ವೀಕರಿಸುವಾಗ ಫೋನುಗಳು 455ರಂಥ ನಡುವಿನ ಮೆಟ್ಟಿಲು ಇಡದೆ ನೇರ ಸೊನ್ನೆಗೆ ಇಳಿಸುತ್ತವೆ. ಆಸಿಲೇಟರ್ ಕಂಪನಾಂಕವೂ ಸಂಕೇತದ ನಡುಗೆರೆಯೂ ಒಂದೇ. ಆಗ ನಡುಗೆರೆಯ ಮೇಲಿನ ಭಾಗ ಕೆಳಗಿನ ಭಾಗದ ಮೇಲೆ ಮಡಚಿಕೊಳ್ಳುತ್ತದೆ. ಬಿಡಿಸುವುದು ಹೇಗೆ? ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವನು ಕವಣೆ ಬೀಸುವುದನ್ನು ಪೂರ್ತಿ ಪಕ್ಕದಿಂದ, ಸುತ್ತಿನ ಅಂಚಿಗೆ ಕಣ್ಣಿಟ್ಟು ನೋಡಿ. ಕಲ್ಲು ಅತ್ತ ಇತ್ತ ಹೋಗುವುದು ಕಾಣುತ್ತದೆ, ಯಾವ ಕಡೆಗೆ ಸುತ್ತುತ್ತಿದೆ ಎಂದು ಹೇಳಲಾಗದು. ಕಾಲು ಸುತ್ತಿನಷ್ಟು ಸರಿದು ಇನ್ನೊಬ್ಬ ನಿಂತು, ಇಬ್ಬರೂ ಕಂಡದ್ದನ್ನು ಕೂಡಿಸಿ ಹೇಳಿದರೆ ದಿಕ್ಕು ಗೊತ್ತಾಗುತ್ತದೆ. ಫೋನಿನಲ್ಲೂ ಒಂದೇ ಸಂಕೇತಕ್ಕೆ ಎರಡು ಮಿಕ್ಸರುಗಳು, ಅವುಗಳ ಆಸಿಲೇಟರ್ ಅಲೆಗಳ ನಡುವೆ 90 ಡಿಗ್ರಿ ಅಂತರ. ಐ ಮತ್ತು ಕ್ಯೂ ಎಂದು ಕರೆಯುವುದು ಈ ಇಬ್ಬರು ಸಾಕ್ಷಿಗಳನ್ನೇ. ಇಬ್ಬರ ಮಾತಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ಮಡಿಕೆ ಪೂರ್ತಿ ಬಿಚ್ಚುವುದಿಲ್ಲ. ಸೋರಿದ ಆಸಿಲೇಟರ್ ಅಲೆ ಮರಳಿ ಬಂದು ತನ್ನಿಂದಲೇ ಗುಣಿಸಿಕೊಂಡರೆ ಸೊನ್ನೆಯ ಮೇಲೆಯೇ ಒಂದು ಗುಡ್ಡೆ ಏಳುತ್ತದೆ. ಇವೆರಡನ್ನೂ ಫೋನು ಲೆಕ್ಕ ಮಾಡಿ ಸರಿಪಡಿಸುತ್ತಲೇ ಇರುತ್ತದೆ.

ಈಗ ಎಲ್ಲ ಸಾಫ್ಟ್‌ವೇರ್ ರೇಡಿಯೋ ಬಂದಿದೆ. ಮಿಕ್ಸರ್ ಕಲಿಯುವ ಅಗತ್ಯ ಇದೆಯೇ?

ಸಾಫ್ಟ್‌ವೇರ್ ರೇಡಿಯೋಗೆಂದು ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಯುಎಸ್‌ಬಿ ಡಾಂಗಲ್ ಬಿಚ್ಚಿ ನೋಡಿ. ಆಂಟೆನಾ ಕಡೆಯ ಟ್ಯೂನರ್ ಚಿಪ್ಪಿನೊಳಗೆ ಮಿಕ್ಸರ್ ಇದೆ, ಅದು ಇಳಿಸಿಕೊಟ್ಟದ್ದನ್ನು ಮಾತ್ರ ಮುಂದಿನ ಚಿಪ್ಪು ಅಂಕಿಗಳಾಗಿ ಬದಲಿಸುತ್ತದೆ. ಆಮೇಲೆ ಕಂಪ್ಯೂಟರ್ ಮಾಡುವುದೇನು? ಆ ಅಂಕಿಗಳನ್ನು ಇನ್ನೊಂದು ಅಲೆಯ ಅಂಕಿಗಳಿಂದ ಗುಣಿಸುತ್ತದೆ.

ಮನೆಯಲ್ಲಿ ಮಿಕ್ಸರ್ ಕಟ್ಟಬಹುದೇ?

ಕಟ್ಟಬಹುದು. ಒಂದು ಸಂಜೆಯ ಕೆಲಸ. ನಾಲ್ಕು ಡಯೋಡ್ (ಕಡಿಮೆ ಕಂಪನಾಂಕಕ್ಕೆ 1ಎನ್4148 ಸಾಕು, ಶಾಟ್ಕಿ ಬಗೆಯ ಡಯೋಡ್ ಸಿಕ್ಕರೆ ಇನ್ನೂ ಒಳ್ಳೆಯದು), ಎರಡು ಪುಟ್ಟ ಫೆರೈಟ್ ಉಂಗುರ, ಎನಾಮಲ್ ತಂತಿ. ತಂತಿಗೆ ಎಲ್ಲಿಗೂ ಆರ್ಡರ್ ಮಾಡಬೇಡಿ, ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತುಂಡು ಕೇಳಿದರೆ ಕೊಡುತ್ತಾರೆ. ಮೂರು ಎಳೆಗಳನ್ನು ಒಟ್ಟಿಗೆ ಹೊಸೆದು ಉಂಗುರಕ್ಕೆ ಎಂಟು ಹತ್ತು ಸುತ್ತು ಸುತ್ತಿ. ಡಯೋಡುಗಳನ್ನು ಮಲ್ಟಿಮೀಟರಿನ ಡಯೋಡ್ ಗುರುತಿನಲ್ಲಿ ಅಳೆದು, ಕೆಲವೇ ಮಿಲಿವೋಲ್ಟ್ ಅಂತರದ ನಾಲ್ಕನ್ನು ಆರಿಸಿ. ಅಳೆಯುವಾಗ ಬೆರಳಲ್ಲಿ ಹಿಡಿಯಬೇಡಿ, ಮೈ ಬಿಸಿಗೆ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ.

ಬೆಸುಗೆಗೆ ಮುಂಚೆ ಒಂದು ಎಚ್ಚರಿಕೆ. ಉಂಗುರದಲ್ಲಿ ಡಯೋಡುಗಳು ಒಂದರ ಬಾಲಕ್ಕೆ ಇನ್ನೊಂದರ ತಲೆ ಎಂಬಂತೆ ಸುತ್ತಲೂ ಒಂದೇ ದಿಕ್ಕಿಗೆ ಇರಬೇಕು. ಪವರ್ ಸಪ್ಲೈ ಕಟ್ಟಿ ಕೈ ಪಳಗಿದ ನಾನು ಮೊದಲ ಸಲ ಬ್ರಿಜ್ ರೆಕ್ಟಿಫೈಯರ್ ಕಟ್ಟಿಬಿಟ್ಟಿದ್ದೆ. ನೋಡಲು ಅವಳಿ ಜವಳಿ, ಆದರೆ ಎರಡು ಡಯೋಡ್ ತಿರುವುಮುರುವು. ಮೂರು ದಿನ ಟ್ರಾನ್ಸ್‌ಫಾರ್ಮರನ್ನೇ ಬಯ್ಯುತ್ತಿದ್ದೆ.

ಕೇಳುವ ಸೆಟ್ಟಿಗೆ ಇದನ್ನು ಬಳಸಿ. ಪ್ರಸಾರ ಮಾಡುವ ಆಸೆಯಿದ್ದರೆ ಮೊದಲು ಹವ್ಯಾಸಿ ರೇಡಿಯೋ ಪರೀಕ್ಷೆ ಬರೆದು ಪರವಾನಗಿ ಪಡೆಯಿರಿ. ಹೈದರಾಬಾದಿನ ಅಶ್‌ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಎಂಬ ಸೆಟ್ಟು ಜಗತ್ತಿನ ಎಷ್ಟೋ ಹವ್ಯಾಸಿಗಳು ಮನೆಯಲ್ಲೇ ಕಟ್ಟಿದ್ದು. ಅದರ ಬೆನ್ನೆಲುಬೂ ಮಿಕ್ಸರುಗಳೇ, ಒಂದೇ ಸಾಲು ಮುಂದಕ್ಕೆ ಸ್ವೀಕರಿಸುತ್ತದೆ, ಹಿಂದಕ್ಕೆ ಪ್ರಸಾರ ಮಾಡುತ್ತದೆ.

ಯಾವ ಉಪಕರಣವೂ ಇಲ್ಲದೆ ಇದನ್ನೆಲ್ಲ ಪರೀಕ್ಷಿಸುವ ದಾರಿ ಇದೆಯೇ?

ಮುಳ್ಳು ಮತ್ತು ಗುಂಡಿ ಇರುವ ಎರಡು ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಸಾಕು. ಅಂಕಿ ತೋರಿಸುವ ಹೊಸ ಸೆಟ್ಟು ಬೇಡ, ಅದರ ಚಿಪ್ಪಿನ ಐಎಫ್ ಬೇರೆ ಇರುತ್ತದೆ. ಅಟ್ಟದ ಮೇಲೆ ಅಜ್ಜನದು ಇದ್ದರೆ ಇಳಿಸಿ, ಸೆಲ್ ಹಾಕಿ.

ಮೊದಲನೆಯದನ್ನು ಧಾರವಾಡಕ್ಕೆ, ಅಂದರೆ 765ಕ್ಕೆ ತಿರುಗಿಸಿ ಧ್ವನಿ ಸಣ್ಣದು ಮಾಡಿ. ಎರಡನೆಯದನ್ನು ಅದರಿಂದ ಒಂದು ಗೇಣು ದೂರದಲ್ಲಿಟ್ಟು 1220ರ ಹತ್ತಿರ ಮುಳ್ಳು ತನ್ನಿ, ಧ್ವನಿ ದೊಡ್ಡದು ಮಾಡಿ. ಮುಳ್ಳು ಮೆಲ್ಲಗೆ ಆಡಿಸುತ್ತ ಹೋದರೆ ಒಂದು ಕಡೆ ‘ಸರ್ರ್’ ಎನ್ನುವ ಗದ್ದಲ ಒಮ್ಮೆಲೇ ಅಡಗುತ್ತದೆ. ಅದು ಮೊದಲನೆಯ ರೇಡಿಯೋದ ಆಸಿಲೇಟರ್. ರಾತ್ರಿ ಮಾಡಿದರೆ ಇನ್ನೂ ಒಳ್ಳೆಯದು. 1215 ಅಥವಾ 1224ರಲ್ಲಿ ದೂರದ ಕೇಂದ್ರವೊಂದು ಮಸುಕಾಗಿ ಬರುತ್ತಿದ್ದರೆ ಮೊದಲನೆಯ ರೇಡಿಯೋದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ: ಆ ಕೇಂದ್ರದ ಮೇಲೆ ಸಿಳ್ಳು ಎದ್ದು ಇಳಿಯುತ್ತ ಬಂದು, ಸೊನ್ನೆ ಮುಟ್ಟಿ, ಮತ್ತೆ ಏರುತ್ತದೆ. ಮೊದಲನೆಯದರ ಹಿಂದಿನ ಮುಚ್ಚಳ ತೆಗೆದು ಕೆಂಪು ತಲೆಯ ಡಬ್ಬಿಯ ಹತ್ತಿರದ ತಂತಿಗಳ ಬಳಿ ಬೆರಳು ತನ್ನಿ, ಮುಟ್ಟುವುದು ಬೇಡ. ಎರಡನೆಯ ರೇಡಿಯೋದ ಸಿಳ್ಳು ಬಾಗುತ್ತದೆ.